ಅಳಿವೆ ನೀರಿನ ತಿಳಿ ಅಳೆಯಲು ಯಾವುದು ಕೊಳ್ಳಬೇಕು: ಸೆಕ್ಕಿ ತಟ್ಟೆ, ಕೊಳವೆ, ಮೀಟರ್ ಮೂರನ್ನೂ ಬಳಸಿ ನೋಡಿದ ಮೇಲೆ

ಉತ್ತರ ಮೊದಲೇ ಹೇಳಿಬಿಡುತ್ತೇನೆ. ನದಿ ಸಮುದ್ರ ಸೇರುವ ಅಳಿವೆಯಲ್ಲಿ ನೀರು ಎಷ್ಟು ತಿಳಿ, ಎಷ್ಟು ಕದಡು ಅಂತ ಅಳೆಯಲು ಒಂದೇ ಒಂದು ಸಾಮಾನು ಕೊಳ್ಳುವವರು ಕಪ್ಪು ಬಿಳುಪಿನ ಸೆಕ್ಕಿ ತಟ್ಟೆಯನ್ನೇ ಕೊಳ್ಳಿ. ನಿಮ್ಮ ಜಾಗದಲ್ಲಿ ಮೊಣಕಾಲು ಮುಳುಗುವಷ್ಟೇ ನೀರಿದ್ದರೆ ಟರ್ಬಿಡಿಟಿ ಕೊಳವೆ, ಅಂದರೆ ಕದಡು ಅಳೆಯುವ ಕೊಳವೆ. ಬ್ಯಾಟರಿ ಮೀಟರ್ ಕೊನೆಗೆ, ಅದೂ ಅದನ್ನು ಸರಿಯಾಗಿ ನೋಡಿಕೊಳ್ಳುವ ತಾಳ್ಮೆ ಇದ್ದರೆ ಮಾತ್ರ. ಮೂರನ್ನೂ ನಾನು ಒಂದು ವರ್ಷಕ್ಕಿಂತ ಜಾಸ್ತಿ ಬಳಸಿದ್ದೇನೆ. ಅದೇ ಅಳಿವೆ, ಅದೇ ಚಿಕ್ಕ ದೋಣಿ, ಅದೇ ನಾಲ್ಕು ಜಾಗ. ಒಂದನೆಯದು ನದಿಯ ಸಿಹಿನೀರಿನ ಕಡೆ, ನಾಲ್ಕನೆಯದು ಸಮುದ್ರದ ಬಾಯಲ್ಲಿ, ಎರಡು ಮತ್ತು ಮೂರು ನಡುವೆ.

ತಟ್ಟೆಯ ಬಗ್ಗೆ ಶುರು ಮಾಡುತ್ತೇನೆ. 20 ಸೆಂಟಿಮೀಟರ್ ಅಗಲದ ಪ್ಲಾಸ್ಟಿಕ್ ಅಥವಾ ಲೋಹದ ದುಂಡು ತಟ್ಟೆ. ನಾಲ್ಕು ಭಾಗ ಮಾಡಿ ಎರಡಕ್ಕೆ ಕಪ್ಪು, ಎರಡಕ್ಕೆ ಬಿಳಿ ಬಣ್ಣ. ನಡುವೆ ಕೊಂಡಿ, ಕೆಳಗೆ ತೂಕ, ಮೇಲೆ ಅಳತೆಯ ಗುರುತು ಹಾಕಿದ ಹಗ್ಗ. ಅಷ್ಟೇ. ಹಾಳಾಗುವಂಥದ್ದು ಏನೂ ಇಲ್ಲ. 1865ರಲ್ಲಿ ಆಂಜೆಲೊ ಸೆಕ್ಕಿ ಎಂಬ ಇಟಲಿಯ ಪಾದ್ರಿ, ಖಗೋಳ ವಿಜ್ಞಾನಿ, ಪೋಪರ ನೌಕೆಯೊಂದರಿಂದ ಮೆಡಿಟರೇನಿಯನ್ ಸಮುದ್ರಕ್ಕೆ ಬಿಳಿ ತಟ್ಟೆಗಳನ್ನು ಇಳಿಸಿ, ಎಷ್ಟು ಆಳಕ್ಕೆ ಕಣ್ಣಿಗೆ ಮರೆಯಾಗುತ್ತವೆ ಅಂತ ನೋಡಿದರು. 1899ರಲ್ಲಿ ಜಾರ್ಜ್ ವಿಪ್ಪಲ್ ಅದಕ್ಕೆ ಕಪ್ಪು ಬಿಳುಪಿನ ನಾಲ್ಕು ಭಾಗ ಮಾಡಿದರು. ಆಮೇಲೆ ಹೇಳಿಕೊಳ್ಳುವಂಥ ಬದಲಾವಣೆ ಆಗಿಲ್ಲ. ಸಮುದ್ರದವರು 30 ಸೆಂಟಿಮೀಟರಿನ ಪೂರ್ತಿ ಬಿಳಿ ತಟ್ಟೆ ಬಳಸುತ್ತಾರೆ. ಅಳಿವೆಗೆ ಚಿಕ್ಕದೇ ಸರಿ, ದೊಡ್ಡದನ್ನು ಹರಿವು ಎಳೆದುಕೊಂಡು ಹೋಗುತ್ತದೆ.

ಬಳಸುವುದು ಹೇಗೆ ಅಂದರೆ, ಬಿಸಿಲು ನೆತ್ತಿಯ ಹತ್ತಿರ ಇರುವಾಗ, ಸುಮಾರು ಬೆಳಿಗ್ಗೆ 10ರಿಂದ ಮಧ್ಯಾಹ್ನ 2ರ ಒಳಗೆ, ದೋಣಿಯ ನೆರಳಿನ ಬದಿಯಿಂದ ಇಳಿಸಬೇಕು. ತಂಪು ಕನ್ನಡಕ ಹಾಕಿದ್ದರೆ ತೆಗೆಯಬೇಕು. ತಟ್ಟೆ ಮರೆಯಾದಾಗ ಹಗ್ಗದ ಗುರುತು ನೋಡಿ, ಇನ್ನಷ್ಟು ಇಳಿಸಿ, ನಿಧಾನಕ್ಕೆ ಮೇಲೆಳೆದು ಮತ್ತೆ ಕಂಡಾಗ ಇನ್ನೊಮ್ಮೆ ನೋಡಿ, ಎರಡರ ಸರಾಸರಿ ಬರೆದುಕೊಳ್ಳಬೇಕು. ಎರಡು ನಿಮಿಷದ ಕೆಲಸ.

ಆ ಎರಡು ನಿಮಿಷವನ್ನು ಗಮನವಿಟ್ಟು ನೋಡಿ, ದಯವಿಟ್ಟು. ನಡುವಿನ ಜಾಗದಲ್ಲಿ ತಟ್ಟೆ ಒಂದು ಗೇಣು ಇಳಿಯುವಷ್ಟರಲ್ಲೇ ಬಿಳಿ ಭಾಗ ಹಳದಿಯಾಗುತ್ತದೆ. ಇನ್ನೊಂದು ಗೇಣಿಗೆ ಮಣ್ಣಿನ ಬಣ್ಣ. ಆಮೇಲೆ ಕಪ್ಪಿಗೂ ಬಿಳಿಗೂ ನಡುವಿನ ಗೆರೆ ಕರಗುತ್ತದೆ, ಒಂದು ಮಸುಕು ದುಂಡು ಮಾತ್ರ ಉಳಿಯುತ್ತದೆ, ಅದು ಇದೆಯಾ ಇಲ್ಲವಾ ಅಂತ ಅನುಮಾನ ಬರುತ್ತದೆ, ಆಮೇಲೆ ಬರೀ ನೀರು. ಸಮುದ್ರದ ಬಾಯಲ್ಲಿ ಹೀಗಲ್ಲ. ಅಲ್ಲಿ ಬಿಳಿ ಹಸಿರಾಗುತ್ತದೆ, ಹಸಿರಾಗಿಯೇ ಆಳಕ್ಕೆ ಹೋಗಿ ಮಾಯವಾಗುತ್ತದೆ. ಒಂದೇ ತಟ್ಟೆ, ಕೆಲವೇ ಕಿಲೋಮೀಟರ್ ಅಂತರ. ನೀರಿನಲ್ಲಿ ಇರುವುದು ಮಣ್ಣೋ ಪಾಚಿಯೋ ಅನ್ನುವ ಸುಳಿವು ಆ ಬಣ್ಣದಲ್ಲೇ ಸಿಗುತ್ತದೆ. ಯಾವ ಮೀಟರೂ ಇದನ್ನು ತೋರಿಸಲಿಲ್ಲ ನನಗೆ.

ತಟ್ಟೆ ಮರೆಯಾಗುವುದು ಯಾಕೆ? ಅಲ್ಲಿ ಕತ್ತಲೆ ಇದೆ ಅಂತ ಜಾಸ್ತಿ ಜನ ಅಂದುಕೊಳ್ಳುತ್ತಾರೆ. ಹಾಗಲ್ಲ. ನೀರಿನಲ್ಲಿ ತೂಗಾಡುವ ಕಣಗಳು ಬೆಳಕನ್ನು ಸ್ವಲ್ಪ ನುಂಗುತ್ತವೆ, ಜಾಸ್ತಿ ಪಾಲನ್ನು ಎಲ್ಲ ಕಡೆಗೂ ಚೆದುರಿಸುತ್ತವೆ. ಹಾಗೆ ಚೆದುರಿದ ಬೆಳಕು ನಿಮ್ಮ ಕಣ್ಣಿಗೂ ತಟ್ಟೆಗೂ ನಡುವೆ ಪರದೆ ಕಟ್ಟುತ್ತದೆ. ಮಂಜಿನಲ್ಲಿ ಹೆಡ್‌ಲೈಟ್ ಹಾಕಿದರೆ ಎದುರಿಗೆ ಬರೀ ಬಿಳಿ ಗೋಡೆ ಕಾಣುತ್ತದಲ್ಲ, ಅದೇ ಕತೆ. ತಟ್ಟೆ ಮರೆಯಾದ ಆಳದಲ್ಲಿ ಮೇಲ್ಮೈಗೆ ಬಿದ್ದ ಬೆಳಕಿನ ಸುಮಾರು ಐದನೇ ಒಂದು ಪಾಲು ಇನ್ನೂ ಇರುತ್ತದೆ. ಅದರ ಎರಡೂವರೆಯಿಂದ ಮೂರು ಪಟ್ಟು ಆಳಕ್ಕೆ ಹೋದರೆ ನೂರರಲ್ಲಿ ಒಂದು ಪಾಲು ಉಳಿಯುತ್ತದೆ. ಇದು ಒರಟು ಲೆಕ್ಕ, ನೀರಿನ ಬಗೆ ನೋಡಿಕೊಂಡು ಬದಲಾಗುತ್ತದೆ. ಆದರೂ ನನಗೆ ಈ ತಟ್ಟೆ ಹಿಡಿಸಿದ್ದು ಈ ಲೆಕ್ಕದಿಂದಲೇ. ಕಡಲಹುಲ್ಲಿಗೆ ಬದುಕಲು ಮೇಲ್ಮೈ ಬೆಳಕಿನ ಹತ್ತನೇ ಒಂದು ಪಾಲಾದರೂ ಬೇಕು, ಕೆಲವು ಜಾತಿಗೆ ಇನ್ನೂ ಜಾಸ್ತಿ. ಹಾಗಾಗಿ ತಟ್ಟೆ ಮಾಯವಾಗುವ ಆಳ ಅಂದರೆ, ಹೆಚ್ಚುಕಡಿಮೆ, ಹುಲ್ಲು ಬೇರು ಬಿಡಬಹುದಾದ ಆಳದ ಗಡಿ. ಒಂದು ಹಗ್ಗ, ಒಂದು ತಟ್ಟೆ ಇಷ್ಟು ಹೇಳುತ್ತದೆ.

ಇನ್ನು ಕಣಗಳ ವಿಷಯ. ಇಲ್ಲಿ ಸ್ವಲ್ಪ ಜಾಸ್ತಿ ಬರೆಯುತ್ತೇನೆ, ಯಾಕೆಂದರೆ ಇದು ಗೊತ್ತಿಲ್ಲದೆ ಯಾವ ಸಾಮಾನು ಕೊಂಡರೂ ಸಿಗುವ ಅಂಕಿಯನ್ನು ತಪ್ಪಾಗಿ ಓದುತ್ತೀರಿ. ನಾನೂ ಮೊದಲ ಮೂರು ತಿಂಗಳು ತಪ್ಪಾಗಿಯೇ ಓದಿದೆ. ತಟ್ಟೆ ಬೇಗ ಮರೆಯಾದರೆ ಮಣ್ಣು ಜಾಸ್ತಿ, ತಡವಾಗಿ ಮರೆಯಾದರೆ ಕಡಿಮೆ ಅಂತ ನೇರವಾಗಿ ಹಿಡಿದುಕೊಂಡಿದ್ದೆ. ಅದು ಅರ್ಧ ಸತ್ಯ.

ಮನೆಯಲ್ಲೇ ನೋಡಬಹುದು. ಎರಡು ಗಾಜಿನ ಜಾಡಿಗಳಿಗೆ ಸಿಹಿನೀರು ತುಂಬಿ. ಒಂದಕ್ಕೆ ಒಂದು ಚಮಚ ಮರಳು, ಇನ್ನೊಂದಕ್ಕೆ ಅಷ್ಟೇ ತೂಕದ ನಯವಾದ ಜೇಡಿಮಣ್ಣಿನ ಪುಡಿ. ಎರಡನ್ನೂ ಕಲಕಿ ಇಡಿ. ಮರಳಿನ ಜಾಡಿ ಒಂದು ನಿಮಿಷದಲ್ಲಿ ತಿಳಿ. ಜೇಡಿಯ ಜಾಡಿ ಮರುದಿನವೂ ಕದಡಿಕೊಂಡೇ ಇರುತ್ತದೆ. ತೂಕ ಒಂದೇ, ಆದರೆ ಅದೇ ಮಣ್ಣು ಹತ್ತು ಪಟ್ಟು ಸಣ್ಣ ಕಣಗಳಾಗಿ ಒಡೆದರೆ ಬೆಳಕಿಗೆ ಅಡ್ಡ ಬರುವ ಮೈ ಹತ್ತು ಪಟ್ಟು ಹೆಚ್ಚುತ್ತದೆ. ಇಳಿಯುವ ವೇಗದ್ದು ಇನ್ನೂ ವಿಪರೀತ. 20 ಮೈಕ್ರಾನ್ (ಒಂದು ಮೈಕ್ರಾನ್ ಅಂದರೆ ಮಿಲಿಮೀಟರಿನ ಸಾವಿರದ ಒಂದು ಪಾಲು) ಗಾತ್ರದ ಹೂಳಿನ ಕಣ ಅಲುಗಾಡದ ನೀರಿನಲ್ಲಿ ಒಂದು ಮೀಟರ್ ಇಳಿಯಲು ಸುಮಾರು ಮುಕ್ಕಾಲು ಗಂಟೆ ಸಾಕು. 2 ಮೈಕ್ರಾನಿನ ಜೇಡಿ ಕಣಕ್ಕೆ ಮೂರು ದಿನಕ್ಕೂ ಜಾಸ್ತಿ ಬೇಕು. ಗಾತ್ರ ಹತ್ತು ಪಟ್ಟು ಇಳಿದರೆ ವೇಗ ನೂರು ಪಟ್ಟು ಇಳಿಯುತ್ತದೆ. ಅಳಿವೆಯ ನೀರು ಮೂರು ದಿನ ಅಲುಗಾಡದೆ ಎಲ್ಲಿ ನಿಲ್ಲುತ್ತದೆ? ಆರು ಗಂಟೆಗೊಮ್ಮೆ ಉಬ್ಬರ, ಇಳಿತ.

ಈಗ ಆ ಜೇಡಿಯ ಜಾಡಿಗೆ ಒಂದು ಚಮಚ ಉಪ್ಪು ಹಾಕಿ ಮೆತ್ತಗೆ ತಿರುಗಿಸಿ. ಬೆಳಕಿಗೆ ಹಿಡಿದು ಕಾಯಿರಿ. ಮೊದಲು ಏನೂ ಆಗಿಲ್ಲ ಅನ್ನಿಸುತ್ತದೆ. ಸ್ವಲ್ಪ ಹೊತ್ತಿಗೆ ಕದಡಿನೊಳಗೆ ಚುಕ್ಕೆ ಚುಕ್ಕೆಯಾಗಿ ಏನೋ ಕಾಣಿಸಿಕೊಳ್ಳುತ್ತದೆ. ಆಮೇಲೆ ಹತ್ತಿಯ ಚೂರಿನಂಥ ಉಂಡೆಗಳು, ಅವುಗಳ ನಡುವೆ ತಿಳಿನೀರಿನ ಸಂದು. ಉಂಡೆಗಳು ಒಂದಕ್ಕೊಂದು ತಾಗಿ ಅಂಟಿಕೊಂಡು ತಳಕ್ಕೆ ಇಳಿಯುತ್ತವೆ. ಜೇಡಿ ಕಣದ ಮೈಮೇಲೆ ಋಣ ವಿದ್ಯುತ್ ಇರುತ್ತದೆ, ಹಾಗಾಗಿ ಸಿಹಿನೀರಿನಲ್ಲಿ ಒಂದನ್ನೊಂದು ದೂರ ತಳ್ಳುತ್ತವೆ. ಉಪ್ಪು ಆ ತಳ್ಳುವ ಬಲವನ್ನು ಕುಗ್ಗಿಸುತ್ತದೆ. ಸಮುದ್ರದ ಉಪ್ಪು ಲೀಟರಿಗೆ ಸುಮಾರು 35 ಗ್ರಾಂ. ಈ ಅಂಟಾಟಕ್ಕೆ ಅಷ್ಟೆಲ್ಲ ಬೇಡ, ಕೆಲವೇ ಗ್ರಾಂ ಸಾಕು. ಪಾಚಿ, ಬ್ಯಾಕ್ಟೀರಿಯಾ ಬಿಡುವ ಲೋಳೆಯೂ ಅಂಟಿನ ಹಾಗೆ ಕೆಲಸ ಮಾಡುತ್ತದೆ. ಮುಖ್ಯವಾದ ಮಾತು ಏನೆಂದರೆ, ಕಣಗಳು ಇನ್ನೂ ತಳಕ್ಕೆ ಇಳಿಯುವ ಮೊದಲೇ, ಅಷ್ಟೇ ಮಣ್ಣು ನೀರಿನಲ್ಲಿ ಇರುವಾಗಲೇ, ಉಂಡೆ ಕಟ್ಟಿದ ಕೂಡಲೇ ನೀರು ತಿಳಿಯಾಗಲು ಶುರುವಾಗುತ್ತದೆ. ಮಣ್ಣು ಎಷ್ಟಿದೆ ಅನ್ನುವುದು ಬೇರೆ, ನೀರು ಎಷ್ಟು ತಿಳಿ ಅನ್ನುವುದು ಬೇರೆ.

ಇದು ಗೊತ್ತಾದ ಮೇಲೆ ನನ್ನ ನಾಲ್ಕು ಜಾಗದ ಅಂಕಿಗಳಿಗೆ ಅರ್ಥ ಬಂತು. ನದಿ ಕಡೆಯಿಂದ ಸಮುದ್ರದ ಕಡೆಗೆ ಹೋಗುತ್ತಾ ನೀರು ಒಂದೇ ಸಮನೆ ತಿಳಿಯಾಗಬೇಕು ಅಂದುಕೊಂಡಿದ್ದೆ. ಆಗಲಿಲ್ಲ. ಒಂದನೇ ಜಾಗಕ್ಕಿಂತ ಎರಡನೆಯದೇ ಯಾವಾಗಲೂ ಜಾಸ್ತಿ ಕದಡು. ಹಗ್ಗದ ಗುರುತು ತಪ್ಪಾಗಿದೆಯಾ ಅಂತ ಟೇಪ್ ಹಿಡಿದು ಎರಡು ಸಲ ಅಳೆದು ನೋಡಿದೆ. ತಪ್ಪು ಇರಲಿಲ್ಲ. ಎಷ್ಟೋ ಅಳಿವೆಗಳಲ್ಲಿ, ಸಮುದ್ರದ ಉಪ್ಪು ಮುಟ್ಟುವ ಮೇಲಿನ ಗಡಿಯ ಆಸುಪಾಸಿನಲ್ಲಿ, ಹೀಗೆ ಅತಿ ಕದಡಿನ ಪಟ್ಟಿಯೊಂದು ನಿಂತಿರುತ್ತದೆ. ಫ್ರಾನ್ಸಿನ ಜಿರೋಂದ್ ಅಳಿವೆಯದ್ದು ಇದಕ್ಕೆ ಹೆಸರುವಾಸಿ. ಹಗುರವಾದ ಸಿಹಿನೀರು ಮೇಲಿನಿಂದ ಸಮುದ್ರಕ್ಕೆ ಹೋಗುತ್ತದೆ, ಭಾರದ ಉಪ್ಪುನೀರು ತಳದಲ್ಲಿ ಒಳಕ್ಕೆ ನುಸುಳುತ್ತದೆ. ಮೇಲಿನಿಂದ ಬಂದ ಮಣ್ಣು ಉಂಡೆಕಟ್ಟಿ ಕೆಳಗೆ ಇಳಿದರೆ, ತಳದ ನೀರು ಅದನ್ನು ವಾಪಸ್ ಒಳಗೆ ತಂದು ಬಿಡುತ್ತದೆ. ಉಬ್ಬರ ಇಳಿತ ಬಂದು ಮತ್ತೆ ಕಲಕಿ ಎಬ್ಬಿಸುತ್ತವೆ. ಅದೇ ಮಣ್ಣು ಎಷ್ಟೋ ಸಲ ಸುತ್ತು ಹಾಕುತ್ತದೆ. ಮಳೆ ಜೋರಾಗಿ ನದಿ ತುಂಬಿ ಬಂದರೆ ಇಡೀ ಪಟ್ಟಿಯೇ ಸಮುದ್ರದ ಕಡೆ ಜರುಗುತ್ತದೆ.

ಹೊತ್ತಿನ ವ್ಯತ್ಯಾಸವೂ ಹಾಗೇ. ಎರಡನೇ ಜಾಗದಲ್ಲಿ ಹುಣ್ಣಿಮೆ ಅಮಾವಾಸ್ಯೆಯ ದೊಡ್ಡ ಇಳಿತದಲ್ಲಿ, ಹರಿವು ಜೋರಾಗಿರುವಾಗ, ತಟ್ಟೆ 30-35 ಸೆಂಟಿಮೀಟರಿಗೇ ಮಾಯ. ಅದೇ ದಿನ ನೀರು ತಿರುಗುವ ಮುಂಚಿನ ನಿಂತ ಹೊತ್ತಿನಲ್ಲಿ 80. ಅಷ್ಟಮಿಯ ಆಸುಪಾಸಿನ ಸಣ್ಣ ಉಬ್ಬರದಲ್ಲಿ ಒಂದು ಮೀಟರ್ ದಾಟಿದ್ದೂ ಇದೆ. ಹಾಗಾಗಿ ಯಾರಾದರೂ ತಮ್ಮ ಅಳಿವೆಯ ತಿಳಿ ಇಷ್ಟು ಅಂತ ಒಂದೇ ಅಂಕಿ ಹೇಳಿದರೆ, ಯಾವ ಹೊತ್ತು, ಉಬ್ಬರವಾ ಇಳಿತವಾ, ಚಂದ್ರ ಎಷ್ಟು, ಅಂತ ಕೇಳಿ. ಇದಿಲ್ಲದ ಅಂಕಿಯನ್ನು ಇನ್ನೊಂದು ಅಂಕಿಯ ಜೊತೆ ಹೋಲಿಸಲು ಬರುವುದಿಲ್ಲ.

ತಟ್ಟೆಯ ಕುಂದುಗಳನ್ನೂ ಹೇಳಲೇಬೇಕು ಅಲ್ವಾ. ಮೊದಲನೆಯದು ಹರಿವು. ಜೊತೆಗೆ ಬಂದ ತೂಕ ಅಳಿವೆಗೆ ಸಾಲದು. ಹಗ್ಗ ಓರೆಯಾಗುತ್ತದೆ, ಆಗ ಹಗ್ಗದ ಅಳತೆ ನಿಜವಾದ ಆಳಕ್ಕಿಂತ ಜಾಸ್ತಿ ತೋರಿಸುತ್ತದೆ, ನೀರು ಇರುವುದಕ್ಕಿಂತ ತಿಳಿ ಅನ್ನಿಸುತ್ತದೆ. ನಾನು ಕೆಳಗೆ ಇನ್ನೂ ಎರಡು ಕಿಲೋ ಸೀಸ ಕಟ್ಟಿದೆ. ಎರಡನೆಯದು, ಆಳ ಕಡಿಮೆ ಇದ್ದು ನೀರು ತಿಳಿ ಇದ್ದರೆ ತಟ್ಟೆ ತಳ ಮುಟ್ಟಿಬಿಡುತ್ತದೆ, ಆಗ ಅಳತೆ ಇಲ್ಲ, ತಳ ಕಂಡಿತು ಅಂತ ಬರೆದುಕೊಳ್ಳಬೇಕು ಅಷ್ಟೇ. ಮೂರನೆಯದು ಕಣ್ಣು. ನನ್ನ ಜೊತೆ ಬರುವ ಗೆಳೆಯನ ಅಳತೆ ನನ್ನದಕ್ಕಿಂತ ಯಾವಾಗಲೂ ಒಂದಿಷ್ಟು ಜಾಸ್ತಿ. ಇಬ್ಬರೂ ಅಳೆದು ಇಬ್ಬರದ್ದೂ ಬರೆಯುತ್ತೇವೆ. ಮೋಡ, ಅಲೆಯ ಹೊಳಪು, ಸಂಜೆ ಬೆಳಕು ಇವೆಲ್ಲವೂ ಸ್ವಲ್ಪ ಸ್ವಲ್ಪ ಆಟ ಆಡಿಸುತ್ತವೆ.

ಎಲ್ಲಕ್ಕಿಂತ ದೊಡ್ಡ ಕುಂದು ಬೇರೆ ಇದೆ. ತಟ್ಟೆ ಯಾಕೆ ಮರೆಯಾಯಿತು ಅಂತ ತಟ್ಟೆಗೆ ಗೊತ್ತಿಲ್ಲ. ಕೊಳೆತ ಎಲೆ, ಜೌಗು ನೆಲದಿಂದ ಬರುವ ಕಂದು ಬಣ್ಣದ ನೀರಿನಲ್ಲಿ ಕಣಗಳು ತೀರಾ ಕಡಿಮೆ ಇದ್ದರೂ ತಟ್ಟೆ ಬೇಗ ಮಾಯವಾಗುತ್ತದೆ. ಬಣ್ಣ ನೀರಿನಲ್ಲಿ ಕರಗಿರುತ್ತದೆ, ಸೋಸಿದರೂ ಹೋಗುವುದಿಲ್ಲ. ಪಾಚಿ ತುಂಬಿದರೂ ಹಾಗೇ. ತಟ್ಟೆಯ ಅಂಕಿ ನೋಡಿ ಹೂಳು ಬಂದಿದೆ ಅಂತ ಗುಲ್ಲೆಬ್ಬಿಸುವ ಮೊದಲು ಒಂದು ಗಾಜಿನ ಲೋಟದಲ್ಲಿ ನೀರು ತುಂಬಿ ಒಂದು ರಾತ್ರಿ ಇಟ್ಟು, ತಳದಲ್ಲಿ ಗಸಿ ಕೂರುತ್ತದಾ ನೋಡಿ.

ಕೊಳವೆಯ ಬಗ್ಗೆ ಹೇಳುವುದು ಕಡಿಮೆ. 60 ಅಥವಾ 120 ಸೆಂಟಿಮೀಟರ್ ಉದ್ದದ ಪಾರದರ್ಶಕ ಕೊಳವೆ, ತಳದಲ್ಲಿ ಪುಟ್ಟ ಸೆಕ್ಕಿ ಚಿತ್ರ, ಪಕ್ಕದಲ್ಲಿ ನಲ್ಲಿ. ನೀರು ತುಂಬಿ, ಮೇಲಿನಿಂದ ನೋಡುತ್ತಾ, ಚಿತ್ರ ಕಾಣುವವರೆಗೆ ನೀರು ಬಿಡುತ್ತಾ ಹೋಗಬೇಕು. ದಡದಲ್ಲಿ ನಿಂತೇ ಮಾಡಬಹುದು, ಹರಿವಿನ ಕಾಟ ಇಲ್ಲ, ಮಕ್ಕಳು ಒಂದೇ ಸಲಕ್ಕೆ ಕಲಿಯುತ್ತಾರೆ. ಆದರೆ ಎರಡು ತೊಂದರೆ. ನೀರು ಬಿಡುವ ಹೊತ್ತಿನಲ್ಲಿ ದಪ್ಪ ಕಣಗಳು ಇಳಿದು ಚಿತ್ರದ ಮೇಲೇ ಕೂರುತ್ತವೆ, ಆಗ ಅದು ನೀರಿನ ಅಳತೆಯಾಗಿ ಉಳಿಯುವುದಿಲ್ಲ, ಧೂಳಿನ ಅಳತೆಯಾಗುತ್ತದೆ. ಮತ್ತೆ, ಬಕೆಟ್ಟಿನಿಂದ ದಬದಬ ಸುರಿದರೆ ಉಪ್ಪುನೀರಿನಲ್ಲಿ ಕಟ್ಟಿದ ಆ ಉಂಡೆಗಳು ಒಡೆದು ನೀರು ಇನ್ನಷ್ಟು ಕದಡು ಕಾಣುತ್ತದೆ. ಮೆತ್ತಗೆ, ಬದಿಯಿಂದ ಇಳಿಬಿಡಿ, ಬೇಗ ಮುಗಿಸಿ. 120ಕ್ಕಿಂತ ತಿಳಿ ಇರುವ ನೀರಿಗೆ ಇದು ಪ್ರಯೋಜನವಿಲ್ಲ.

ಮೀಟರ್. ಇದರ ಜೊತೆ ನನ್ನ ಅನುಭವ ಅಷ್ಟು ಸುಖವಾಗಿರಲಿಲ್ಲ. ಆನ್‌ಲೈನ್ ಅಂಗಡಿಯೊಂದರಿಂದ ತರಿಸಿದೆ. ಪೆಟ್ಟಿಗೆ ತೆರೆದಾಗಲೇ ಮಾದರಿ ತುಂಬುವ ಗಾಜಿನ ಸೀಸೆಯಲ್ಲಿ ಗೀರು ಇತ್ತು. ಆ ಗೀರಿನಿಂದ ಏನಾಗುತ್ತದೆ ಅಂತ ಆಗ ನನಗೆ ಗೊತ್ತಿರಲಿಲ್ಲ, ಅವರೂ ಹೇಳಲಿಲ್ಲ. ಒಂದೇ ನೀರಿಗೆ ಸೀಸೆ ಸ್ವಲ್ಪ ತಿರುಗಿಸಿದರೆ 12, ಇನ್ನೊಂದು ಕಡೆ ತಿರುಗಿಸಿದರೆ 19. ಈ ಮೀಟರ್ ಒಂದು ಬದಿಯಿಂದ ಬೆಳಕು ಹಾಯಿಸಿ, 90 ಡಿಗ್ರಿ ಪಕ್ಕಕ್ಕೆ ಎಷ್ಟು ಚೆದುರುತ್ತದೆ ಅಂತ ಅಳೆಯುತ್ತದೆ. ಗಾಜಿನ ಗೀರು, ಬೆರಳಚ್ಚು, ಒಂದು ಗುಳ್ಳೆ, ಒಣಗಿದ ಉಪ್ಪಿನ ಕಲೆ, ತಣ್ಣನೆಯ ನೀರಿಗೆ ಹೊರಗೆ ಕಟ್ಟುವ ಹನಿ, ಎಲ್ಲವೂ ಅದಕ್ಕೆ ಕಣವೇ. ಮೂರು ಪತ್ರ ಬರೆದ ಮೇಲೆ ಸೀಸೆ ಬದಲಿಸಿ ಕೊಟ್ಟರು. ಆಮೇಲೆ ಮೀಟರ್ ಚೆನ್ನಾಗಿಯೇ ನಡೆಯುತ್ತಿದೆ, ಆದರೆ ಪ್ರತಿ ಸಲ ಒರೆಸಬೇಕು, ಸೀಸೆಯನ್ನು ಅಲ್ಲಾಡಿಸದೆ ಮೆತ್ತಗೆ ತಲೆಕೆಳಗು ಮಾಡಬೇಕು, ತಡ ಮಾಡದೆ ಓದಬೇಕು. ಫಾರ್ಮಜಿನ್ ಎಂಬ ಮಾದರಿ ದ್ರಾವಣಕ್ಕೆ ಹೋಲಿಸಿ ಆಗಾಗ ಸರಿ ಮಾಡಿಕೊಳ್ಳಬೇಕು.

ಕೊಳ್ಳುವ ಮುಂಚೆ ಒಂದು ವಿಷಯ ಖಂಡಿತ ನೋಡಿ. ಕೆಲವು ಮೀಟರುಗಳು ಬಿಳಿ ಬೆಳಕಿನವು, ಅಮೆರಿಕದ ಪರಿಸರ ಸಂಸ್ಥೆಯ 180.1 ವಿಧಾನದ್ದು, ಅಂಕಿ ಎನ್‌ಟಿಯು ಎಂಬ ಕದಡಿನ ಮಾನದಲ್ಲಿ ಬರುತ್ತದೆ. ಇನ್ನು ಕೆಲವು ಐಎಸ್‌ಒ 7027 ಪ್ರಕಾರ 860 ನ್ಯಾನೋಮೀಟರಿನ ಇನ್‌ಫ್ರಾರೆಡ್ ಬೆಳಕಿನವು, ಅಂಕಿ ಎಫ್‌ಎನ್‌ಯುನಲ್ಲಿ. ಎರಡರ ಅಂಕಿಗಳನ್ನು ಒಂದೇ ಪಟ್ಟಿಯಲ್ಲಿ ಬೆರೆಸಬೇಡಿ. ಅಳಿವೆಗೆ ಎರಡನೆಯದೇ ಒಳ್ಳೆಯದು, ಯಾಕೆಂದರೆ ಎಲೆಯ ಕಂದು ಬಣ್ಣ ಇನ್‌ಫ್ರಾರೆಡ್ಡಿಗೆ ಹೆಚ್ಚುಕಡಿಮೆ ಕಾಣುವುದೇ ಇಲ್ಲ. ತಟ್ಟೆ ಬೇಗ ಮಾಯವಾಗಿ, ಈ ಮೀಟರ್ ಮಾತ್ರ ಕಡಿಮೆ ತೋರಿಸಿದರೆ, ಅದು ಬಣ್ಣದ ಕೆಲಸ, ಮಣ್ಣಿನದ್ದಲ್ಲ ಅಂತ ಊಹಿಸಬಹುದು. ಮೀಟರಿನಿಂದ ನನಗಾದ ನಿಜವಾದ ಉಪಕಾರ ಇದೊಂದೇ.

ಜೊತೆಗೆ ಬಂದ ಕಾಗದದಲ್ಲಿ, ಮೀಟರಿನ ಅಂಕಿಯನ್ನು ಇಷ್ಟರಿಂದ ಗುಣಿಸಿದರೆ ಲೀಟರಿಗೆ ಎಷ್ಟು ಮಿಲಿಗ್ರಾಂ ಮಣ್ಣು ಅಂತ ಸಿಗುತ್ತದೆ ಎಂದು ಬರೆದಿತ್ತು. ಇದನ್ನು ಓದಿ ನನಗೆ ಸಿಟ್ಟು ಬಂತು. ಜಾಡಿಯ ಪ್ರಯೋಗ ನೆನಪಿದೆಯಲ್ಲ? ಒಂದೇ ತೂಕದ ಮರಳೂ ಜೇಡಿಯೂ ಒಂದೇ ಅಂಕಿ ಕೊಡಲು ಹೇಗೆ ಸಾಧ್ಯ? ಗುಣಿಸುವ ಅಂಕಿ ಪ್ರತಿ ಅಳಿವೆಗೂ ಬೇರೆ, ಒಂದೇ ಅಳಿವೆಯಲ್ಲಿ ಮಳೆಗಾಲಕ್ಕೂ ಬೇಸಿಗೆಗೂ ಬೇರೆ. ತೂಕ ಬೇಕಿದ್ದರೆ ತೂಕವನ್ನೇ ಮಾಡಬೇಕು. ಅಳತೆ ಮಾಡಿದ ನೀರನ್ನು ಮೊದಲೇ ತೂಗಿದ ಗಾಜಿನ ನಾರಿನ ಫಿಲ್ಟರಿನಲ್ಲಿ ಸೋಸಿ, 103ರಿಂದ 105 ಡಿಗ್ರಿ ಸೆಲ್ಸಿಯಸ್‌ನಲ್ಲಿ ಒಣಗಿಸಿ, ಮತ್ತೆ ತೂಗುವುದು. ಉಪ್ಪುನೀರಾದರೆ ಸೋಸಿದ ಮೇಲೆ ಶುದ್ಧ ನೀರಿನಿಂದ ಫಿಲ್ಟರನ್ನು ತೊಳೆಯಲೇಬೇಕು, ಇಲ್ಲದಿದ್ದರೆ ಒಣಗಿದ ಉಪ್ಪನ್ನೂ ಮಣ್ಣು ಅಂತ ತೂಗುತ್ತೀರಿ. ಇಂಥ ಹತ್ತಾರು ಮಾದರಿ ಮಾಡಿ, ಮೀಟರಿನ ಅಂಕಿಯ ಜೊತೆ ಗೆರೆ ಎಳೆದುಕೊಂಡರೆ ಆಗ ಮೀಟರ್ ಉಪಯೋಗಕ್ಕೆ ಬರುತ್ತದೆ. ಅದೂ ನಿಮ್ಮ ಅಳಿವೆಗೆ ಮಾತ್ರ.

ಇಷ್ಟೆಲ್ಲ ಯಾಕೆ ಬೇಕು ಅಂದರೆ, 1972ರ ಜೂನ್‌ನಲ್ಲಿ ಆಗ್ನೆಸ್ ಚಂಡಮಾರುತದ ಪ್ರವಾಹ ಅಮೆರಿಕದ ಚೆಸಾಪೀಕ್ ಕೊಲ್ಲಿಗೆ ಅಪಾರ ಮಣ್ಣು ತಂದು ಸುರಿಯಿತು, ಮೊದಲೇ ಸೊರಗುತ್ತಿದ್ದ ಅಲ್ಲಿಯ ನೀರಹುಲ್ಲಿಗೆ ಅದು ದೊಡ್ಡ ಪೆಟ್ಟು ಕೊಟ್ಟಿತು. ಹುಲ್ಲು ಹೋದರೆ ತಳದ ಮಣ್ಣನ್ನು ಹಿಡಿದಿಡುವ ಬೇರೂ ಹೋಗುತ್ತದೆ. ಆಗ ಸಣ್ಣ ಅಲೆಗೂ ಮಣ್ಣು ಎದ್ದು ನೀರು ಇನ್ನಷ್ಟು ಕದಡುತ್ತದೆ, ಹೊಸ ಹುಲ್ಲಿಗೆ ಬೆಳಕು ಸಿಗುವುದಿಲ್ಲ. ಈ ಸುತ್ತು ಶುರುವಾಗುವ ಮೊದಲೇ ಗೊತ್ತಾಗಬೇಕಾದರೆ ಯಾರೋ ಒಬ್ಬರು ತಿಂಗಳಾನುಗಟ್ಟಲೆ ಒಂದೇ ಜಾಗದಲ್ಲಿ ಅಳೆಯುತ್ತಿರಬೇಕು. ಹಾಗಂತ ಕದಡಿದ ಅಳಿವೆಯೆಲ್ಲ ಕೆಟ್ಟ ಅಳಿವೆ ಅಂತಲೂ ಅಲ್ಲ. ಮರಿಮೀನುಗಳು ಬೇಟೆಯಾಡುವ ಪ್ರಾಣಿಗಳ ಕಣ್ಣಿಗೆ ಬೀಳದೆ ಅಡಗುವುದು ಈ ಕದಡಿನಲ್ಲೇ. ಮ್ಯಾಂಗ್ರೋವ್ ಕಾಡಿನ ನೆಲ ಏರುವುದು ಈ ಹೂಳಿನಿಂದಲೇ. ಸ್ಫಟಿಕದ ಹಾಗೆ ತಿಳಿ ನೀರು ಬೇಕೆಂದರೆ ಅಂಟಾರ್ಕ್ಟಿಕಾದ ವೆಡೆಲ್ ಸಮುದ್ರ ಇದೆ, 1986ರಲ್ಲಿ ಅಲ್ಲಿ ತಟ್ಟೆ ಸುಮಾರು 80 ಮೀಟರ್ ಆಳದವರೆಗೂ ಕಂಡಿತ್ತು. ಅಳಿವೆಯಿಂದ ಅದನ್ನು ಬಯಸಬಾರದು. ನಿಮ್ಮ ಅಳಿವೆ ಸಾಮಾನ್ಯವಾಗಿ ಎಷ್ಟು ಕದಡಿರುತ್ತದೆ, ಅದು ಯಾವಾಗ ತಪ್ಪಿತು ಅನ್ನುವುದನ್ನು ಹಿಡಿಯುವುದೇ ಕೆಲಸ, ಮತ್ತು ಆ ಕೆಲಸವನ್ನು ತಟ್ಟೆ ವರ್ಷಗಟ್ಟಲೆ ಸುಮ್ನೆ ಮಾಡಿಕೊಂಡು ಹೋಗುತ್ತದೆ.

ತಟ್ಟೆ ಕೊಳ್ಳುವಾಗ ಹಗ್ಗವನ್ನು ಮಾತ್ರ ಬದಲಿಸಿಕೊಳ್ಳಿ. ನನ್ನದರ ಜೊತೆ ಬಂದ ನೈಲಾನ್ ಹಗ್ಗ ಒದ್ದೆಯಾಗಿ ಎಳೆದು ಎಳೆದು ಆರು ತಿಂಗಳಲ್ಲಿ ಮೀಟರಿಗೆ ನಾಲ್ಕು ಸೆಂಟಿಮೀಟರ್ ಹಿಗ್ಗಿತ್ತು. ಈಗ ಹಿಗ್ಗದ ಫೈಬರ್ ಟೇಪ್ ಕಟ್ಟಿದ್ದೇನೆ. ಬಿಳಿ ಬಣ್ಣ ಉಪ್ಪಿಗೂ ಪಾಚಿಗೂ ಹಳದಿ ತಿರುಗುತ್ತದೆ, ಆಗ ಹೊಳಪಿಲ್ಲದ ಬಿಳಿ ಬಣ್ಣವನ್ನೇ ಹೊಡೆಯಬೇಕು, ಹೊಳೆಯುವ ಬಣ್ಣ ಬಿಸಿಲಿಗೆ ಮಿರುಗಿ ಕಣ್ಣು ತಪ್ಪಿಸುತ್ತದೆ. ಕಳೆದ ವಾರ ಎರಡನೇ ಸಲ ಬಣ್ಣ ಹೊಡೆದೆ. ಒಣಗಿದ ಮರುದಿನವೇ ಎರಡನೇ ಜಾಗದಲ್ಲಿ ಇಳಿಸಿದೆ. ಇಳಿತ, ಮಧ್ಯಾಹ್ನ 12:20, ಮೋಡವಿಲ್ಲ, 45 ಸೆಂಟಿಮೀಟರ್.